ಭೋಂಗಾಕ್ಕೆ ಶ್ರುತಿ ಹಿಡಿದ ಪಿಟೀಲು

ಸೊಲ್ಲಾಪುರದಲ್ಲಿ ಚಾದರ ಮತ್ತು ಬಟ್ಟೆಯ ಅಂಗಡಿ ಇಟ್ಟಿದ್ದ ಚನ್ನವೀರಪ್ಪನಿಗೆ ನಲವತ್ತನಾಲ್ಕು ತುಂಬಿದ ವರ್ಷ ಪಿಟೀಲಿನ ಹುಚ್ಚು ಹಿಡಿಯಿತು. ಆ ವಯಸ್ಸಿನ ಗಂಡಸರಿಗೆ ಹಿಡಿಯುವ ಹುಚ್ಚುಗಳು ಬೇರೆ ಇವೆ. ಕೆಲವರು ಮುನಸಿಪಾಲಿಟಿ ಚುನಾವಣೆಗೆ ನಿಲ್ಲುತ್ತಾರೆ, ಕೆಲವರು ಇಸ್ಪೀಟಿಗೆ ಕೂಡುತ್ತಾರೆ. ಆ ಪೈಕಿ ಯಾವುದಾದರೂ ಆಗಿದ್ದರೆ ಅವನ ಹೆಂಡತಿ ರತ್ನಾಬಾಯಿಗೆ ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ಬೈಯಲಿಕ್ಕಾದರೂ ಬರುತ್ತಿತ್ತು. ಪಿಟೀಲಿಗೆ ಹೇಗೆ ಬೈಯಬೇಕೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅದು ಸಾವಿರದ ಒಂಬೈನೂರ ಐವತ್ತಮೂರರ ದೀಪಾವಳಿ ಕಳೆದ ವಾರ. ಅಂಗಡಿಯಲ್ಲಿ ಬಟ್ಟೆ ಅಳೆಯುವ ಗಜಕಡ್ಡಿ ಮುರಿದಿತ್ತು. ಹೊಸದು ತರುತ್ತೇನೆಂದು ಮಂಗಳವಾರ ಪೇಟೆ ಎಂಬ ಬಜಾರಕ್ಕೆ ಹೋದವನು ಹಳೆ ಸಾಮಾನಿನ ದುಕಾನಿನಲ್ಲಿ ನಿಂತುಬಿಟ್ಟ. ಯಾವುದೋ ಮುಳುಗಿದ ನಾಟಕ ಕಂಪನಿಯ ಪಿಟೀಲು ಅಲ್ಲಿ ಹಿತ್ತಾಳೆ ಕೊಡಗಳ ನಡುವೆ ತೂಗುತ್ತಿತ್ತು. ಸಂಜೆಗೆ ಅದನ್ನು ಎದೆಗವಚಿಕೊಂಡು ಬಾಳಿವೇಸ್ ಓಣಿಯ ತನ್ನ ಮನೆಗೆ ಬಂದ.

"ಗಜಕಡ್ಡಿ ಎಲ್ಲೈತ್ರಿ?" ಎಂದಳು ರತ್ನಾಬಾಯಿ.

ಚನ್ನವೀರಪ್ಪ ಪಿಟೀಲಿನ ಕಮಾನು ಎತ್ತಿ ತೋರಿಸಿದ. "ಇದರ ಕೂಡ ಒಂದು ಕಡ್ಡಿ ಬಂದೈತಿ."

ಹುಚ್ಚು ಅಂದೆನಲ್ಲ, ಅದು ಊರವರ ಮಾತು. ನಿಜ ಹೇಳಬೇಕೆಂದರೆ ಅವನಿಗೆ ಬೇಕಾಗಿದ್ದುದು ಪಿಟೀಲಲ್ಲ, ಅಕ್ಕನ ಹಾಡು. ತಾಯಿ ತೀರಿದಾಗ ಚನ್ನವೀರಪ್ಪನಿಗೆ ನಾಲ್ಕು ವರ್ಷ, ಅಕ್ಕ ಅಕ್ಕನಾಗಮ್ಮನಿಗೆ ಹದಿನಾಲ್ಕು. ಅವನಿಗೆ ಉಣಿಸಿದವಳು, ಮೀಯಿಸಿದವಳು, ಜ್ವರ ಬಂದಾಗ ತೊಡೆಯ ಮೇಲೆ ಹಾಕಿಕೊಂಡು ಹಾಡಿದವಳು ಅವಳೇ. ಮುಂದೆ ಅಕ್ಕಲಕೋಟೆಯ ಕಲ್ಲಣ್ಣ ಮಾಸ್ತರನನ್ನು ಮದುವೆಯಾಗಿ ಹೋದಳು. ಮಾಸ್ತರ ಹಾರ್ಮೋನಿಯಮ್ ನುಡಿಸುವವನು. ಆ ಸೀಮೆಯವರ ಮಾತಿನಲ್ಲಿ ಪೇಟಿ. ಮೂವತ್ತು ವರ್ಷ ಪ್ರತಿ ಸೋಮವಾರ ಅವರ ಮನೆಯ ಪಡಸಾಲೆಯಲ್ಲಿ ಭಜನೆ ನಡೆಯಿತು. ಗಂಡ ಪೇಟಿ ಹಿಡಿದರೆ ಹೆಂಡತಿ ಹಾಡಬೇಕು, ಓಣಿಯವರು ಹಿಮ್ಮೇಳ ಹಿಡಿಯಬೇಕು. ಎರಡು ವರ್ಷದ ಹಿಂದೆ ಮಾಸ್ತರ ತೀರಿಹೋದ. ಭಜನೆ ನಿಲ್ಲಲಿಲ್ಲ, ಅಕ್ಕನ ಬಾಯಿ ನಿಂತಿತು. ದೀಪ ಹಚ್ಚುವಳು, ಬಂದವರಿಗೆ ಪ್ರಸಾದ ಕೊಡುವಳು, ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಕೇಳುವಳು. ಹಾಡು ಅಂದರೆ ತಲೆ ಅಲ್ಲಾಡಿಸುವಳು.

ಆ ದೀಪಾವಳಿಗೆ ತವರಿಗೆ ಬಂದಾಗ ಅಕ್ಕ ಆರತಿ ತಾಟು ಕೆಳಗಿಡುತ್ತ ಹೇಳಿದ್ದಳು: "ಚನ್ನಾ, ಶ್ರಾವಣದ ತನಕಾ ಭಜನಿ ನಡೀಲಿ. ಕಡೀ ಸೋಮವಾರ ಮಂಗಳ ಹಾಡಿ, ಪೇಟಿ, ತಾಳ ಎಲ್ಲಾ ಮಠಕ್ಕ ಕೊಟ್ಟಬಿಡೂಣು. ಹಾಡಾವರು ಇಲ್ಲದ ಮನ್ಯಾಗ ಅವು ಯಾಕ?"

ಅದನ್ನು ಕೇಳಿದ ಮೇಲೆ ಚನ್ನವೀರಪ್ಪನಿಗೆ ಊಟ ಸೇರಲಿಲ್ಲ. ಶ್ರಾವಣಕ್ಕೆ ಇನ್ನು ಒಂಬತ್ತು ತಿಂಗಳು. ಅಷ್ಟರೊಳಗೆ ಅಕ್ಕ ಒಮ್ಮೆಯಾದರೂ ಹಾಡಬೇಕು. ತಾನೇ ಹಾಡಿ ಅವಳನ್ನು ಎಬ್ಬಿಸೋಣವೆಂದರೆ ಅವನ ಗಂಟಲು ಗಿರಾಕಿ ಕರೆಯಲಿಕ್ಕಷ್ಟೇ ಯೋಗ್ಯ. ಪೇಟಿ ಕಲಿಯೋಣವೆಂದರೆ ಅದು ಭಾವನ ಜಾಗ, ಅಲ್ಲಿ ಕೂಡಲು ಮನಸ್ಸು ಒಪ್ಪದು. ನಾಟಕದ ಕಂಪನಿಗಳಲ್ಲಿ ಪಿಟೀಲು ಥೇಟ್ ಮನುಷ್ಯರ ಹಾಗೆ ಹಾಡುವುದನ್ನು ಅವನು ಕೇಳಿದ್ದ. ಅಕ್ಕ ಹಾಡುತ್ತಿದ್ದ ಒಂದೇ ಒಂದು ಪದವನ್ನು ಇದರ ಮೇಲೆ ನುಡಿಸಿದರೆ ಅವಳು ಸುಮ್ಮನೆ ಕೂಡಲಾರಳು ಎಂದು ಲೆಕ್ಕ ಹಾಕಿದ.

ಮೊದಲು ಒಬ್ಬ ಸಂಗೀತ ಮಾಸ್ತರರ ಬಳಿ ಹೋದ. ಅಲ್ಲಿ ಎಂಟೆಂಟು ವರ್ಷದ ಹುಡುಗಿಯರು ಸಾಲಾಗಿ ಕೂತಿದ್ದರು. ಧೋತರ, ಕೋಟು, ರುಮಾಲಿನ ಈ ವಿದ್ಯಾರ್ಥಿಯನ್ನು ನೋಡಿ ಬಾಯಿಗೆ ಉಟ್ಟ ಪರಕರದ ಅಂಚು ಒತ್ತಿಕೊಂಡರು. ಮಾಸ್ತರರು ಚನ್ನವೀರಪ್ಪನ ಬೆರಳು ಹಿಡಿದು ಬಗ್ಗಿಸಿ ನೋಡಿ, "ಗಿಡ ಇದ್ದಾಗ ಬಗ್ಗದ್ದು ಮರ ಆದ ಮ್ಯಾಲ ಬಗ್ಗೀತೇನ್ರಿ ಸಾವಕಾರ್ರ?" ಎಂದರು. ಚನ್ನವೀರಪ್ಪ ನಮಸ್ಕಾರ ಮಾಡಿ ಬಂದ. ಮನೆಗೆ ಬಂದು ಮಾಳಿಗೆಯ ಕೋಣೆಯನ್ನು ತಾನೇ ಕಸಗುಡಿಸಿದ. ಗುರುವಿಲ್ಲದೆ ಕಲಿಯುವುದೇ ಖಾಯಂ ಆಯಿತು.

ಮೂರು ದಿನ ಪಿಟೀಲು ಉಸಿರೇ ಎತ್ತಲಿಲ್ಲ. ಕಮಾನು ಎಳೆದ, ಒತ್ತಿ ಎಳೆದ, ಹಿಂದುಮುಂದು ಮಾಡಿ ಎಳೆದ. ತಂತಿಯ ಮೇಲೆ ಕೂದಲು ಜಾರಿ ಹೋಗುತ್ತಿತ್ತೇ ವಿನಾ ನಾದವಿಲ್ಲ. ಬಾಗಿಲಲ್ಲಿ ನಿಂತು ನೋಡಿದ ರತ್ನಾಬಾಯಿ, "ಛಲೋ ವಾದ್ಯ ತಂದೀರಿ. ಮನ್ಯಾಗ ಇಂಥಾದ್ದ ಇರಬೇಕು, ಯಾರಿಗೂ ತ್ರಾಸಿಲ್ಲ" ಎಂದು ಮನಸಾರೆ ಹೊಗಳಿ ಹೋದಳು. ನಾಲ್ಕನೆಯ ದಿನ ಕಿರಾಣಿ ಅಂಗಡಿಯ ಹಣಮಂತಪ್ಪ ಈ ಸಂಕಟ ಕೇಳಿ, ಕಮಾನಿಗೆ ರಾಳ ಉಜ್ಜಬೇಕೆಂದು ಹೇಳಿ ಒಂದು ತುಂಡು ಕಾಗದದಲ್ಲಿ ಕಟ್ಟಿಕೊಟ್ಟ. ಉಜ್ಜಿ ಎಳೆದದ್ದೇ ತಡ, ಮಾಳಿಗೆಯಿಂದ ಹೊರಟ ಶಬ್ದಕ್ಕೆ ಎದುರು ಮನೆಯ ಎಮ್ಮೆ ಕಣ್ಣಿ ಕಿತ್ತಿತು. ರತ್ನಾಬಾಯಿ ತನ್ನ ಹೊಗಳಿಕೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ಚನ್ನವೀರಪ್ಪ ಮಾತ್ರ ಕುಣಿಯುವುದೊಂದು ಬಾಕಿ. ಕಿರುಚಿದರೇನಾಯಿತು, ಜೀವ ಬಂತಲ್ಲ ಎಂಬ ಸಂತೋಷ ಅವನಿಗೆ. ಗದ್ದಕ್ಕೆ ಹಿಡಿದರೆ ಕುತ್ತಿಗೆ ಉಳುಕಿತು. ಕೊನೆಗೆ ನೆಲಕ್ಕೆ ಚಕ್ಕಳಮಕ್ಕಳ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಊರಿ, ಬುಡವನ್ನು ಎದೆಗೆ ಆನಿಸಿ ಹಿಡಿಯುವುದು ತಾನಾಗಿ ಹೊಳೆಯಿತು. ಬೆರಳು ಎಲ್ಲಿಡಬೇಕೆಂಬುದಕ್ಕೆ ಅಂಗಡಿಯ ವಿದ್ಯೆಯೇ ನೆರವಾಯಿತು. ಕಣ್ಣು ಮುಚ್ಚಿ ಚಾದರ ಮುಟ್ಟಿ ಎಳೆ ಎಷ್ಟು ಒತ್ತಾಗಿದೆ ಎಂದು ಹೇಳಬಲ್ಲ ಬೆರಳು ಅವು. ಸ್ವರ ಸಿಕ್ಕ ಜಾಗದಲ್ಲೆಲ್ಲ ಪಿಟೀಲಿನ ಕುತ್ತಿಗೆಗೆ ಒಂದೊಂದು ದಾರ ಬಿಗಿದು ಕಟ್ಟಿದ: ರೀ ಸ್ವರಕ್ಕೆ ಕೆಂಪು, ಗಾ ಸ್ವರಕ್ಕೆ ಹಸಿರು, ಹೀಗೆ. ತಿಂಗಳೊಪ್ಪತ್ತಿನಲ್ಲಿ ಆ ಪಿಟೀಲು ಮದುವೆಯ ಮದುಮಗನ ಹಾಗೆ ಕಂಕಣ ಕಟ್ಟಿಸಿಕೊಂಡು ನಿಂತಿತು.

ಇನ್ನು ಉಳಿದದ್ದು ಷಡ್ಜ, ಅಂದರೆ ಎಲ್ಲ ಸ್ವರಗಳ ಬುಡದಲ್ಲಿ ಇರುವ ಸಾ. ಅದೊಂದು ಗಟ್ಟಿಯಾಗದೆ ಬೇರೆ ಯಾವ ಸ್ವರವೂ ನಿಲ್ಲದು ಎಂಬಷ್ಟು ಭಾವನ ಮಾತು ಕೇಳಿ ಗೊತ್ತಿತ್ತು. ಆದರೆ ಸಾ ಹಿಡಿಯಲು ಮನೆಯಲ್ಲಿ ಪೇಟಿ ಇಲ್ಲ. ಯಾರ ಮನೆಗಾದರೂ ಹೋಗಿ ಕೇಳಿದರೆ ಅಕ್ಕನಿಗೆ ಮುಚ್ಚಿಟ್ಟ ಸುದ್ದಿ ಅಕ್ಕಲಕೋಟೆ ಮುಟ್ಟುತ್ತದೆ. ತಂತಿಯೋ ದಿನಕ್ಕೊಂದು ಮಾತು ಆಡುವ ಮನುಷ್ಯರ ಹಾಗೆ, ನಿನ್ನೆ ಬಿಗಿದಲ್ಲಿ ಇವತ್ತು ಇರುತ್ತಿರಲಿಲ್ಲ. ಹೀಗೆ ತಲೆ ಕೆಡಿಸಿಕೊಂಡು ಕೂತಿದ್ದ ಒಂದು ನಸುಕಿನಲ್ಲಿ ಗಿರಣಿಯ ಭೋಂಗಾ ಕೂಗಿತು.

ಸೊಲ್ಲಾಪುರದವರಿಗೆ ಭೋಂಗಾವನ್ನು ಪರಿಚಯಿಸುವ ಕೆಲಸವಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಬಟ್ಟೆ ಗಿರಣಿಯ ಪಾಳಿ ಬದಲಾದಾಗಲೆಲ್ಲ ಚಿಮಣಿಯ ಬದಿಯಿಂದ ಉಗಿಯ ಸೀಟಿ ಊರಿಗೆಲ್ಲ ಕೇಳುವ ಹಾಗೆ ಉದ್ದಕ್ಕೆ ಕೂಗುತ್ತದೆ. ಆ ಕೂಗಿಗೇ ಊರು ಏಳುತ್ತದೆ, ಒಲೆ ಹೊತ್ತುತ್ತದೆ, ಗಡಿಯಾರಗಳು ತಿದ್ದಿಕೊಳ್ಳುತ್ತವೆ. ಹುಟ್ಟಿದಾಗಿನಿಂದ ಕೇಳಿದ್ದನ್ನು ಚನ್ನವೀರಪ್ಪ ಅವತ್ತು ಮೊದಲ ಸಲ ಸ್ವರವೆಂದು ಕೇಳಿದ. ಲಗುಬಗೆಯಿಂದ ಬಿರಟೆ ತಿರುವಿ ತಂತಿಯನ್ನು ಅದಕ್ಕೆ ಕೂಡಿಸಿದ. ಮರುದಿನವೂ ಅದೇ ಕೂಗು, ಅದೇ ಎತ್ತರ. ಊರೆಲ್ಲ ನಂಬಿದ ಭೋಂಗಾಕ್ಕಿಂತ ಗಟ್ಟಿ ಸಾ ಇನ್ನೆಲ್ಲಿ ಸಿಕ್ಕೀತು? ಅಂದಿನಿಂದ ಗಿರಣಿಗೆ ಕೂಲಿಯವರು ಹೋಗುವ ಹೊತ್ತಿಗೆ ಚನ್ನವೀರಪ್ಪನೂ ಮಾಳಿಗೆಗೆ ಹಾಜರು.

ಹಾಡ್ತಾ ಹಾಡ್ತಾ ರಾಗ ಅಂತಾರಲ್ಲ, ಹಾಗೆಯೇ ಆಯಿತು. ಆದರೆ ರಾಗ ಬರುವ ತನಕ ನೆರೆಯವರು ಬದುಕಬೇಕಷ್ಟೆ. ಪಕ್ಕದ ಮನೆಯ ಇಂದುಬಾಯಿ ಒಮ್ಮೆ ನೀರಿನ ನಳದ ಹತ್ತಿರ, "ನಿಮ್ಮ ಮಾಳಗೀ ಮ್ಯಾಲ ಬೆಕ್ಕು ಮರಿ ಹಾಕೈತೇನ್ರಿ?" ಎಂದು ಕೇಳಿದಳು. ರತ್ನಾಬಾಯಿ ಮನೆಯೊಳಗೆ ಗಂಡನಿಗೆ ಏನೇ ಅನ್ನಲಿ, ಹೊರಗಿನವರಿಗೆ ಬಿಟ್ಟುಕೊಡುವವಳಲ್ಲ. "ಹೌದ್ರಿ. ನಲವತ್ತನಾಕು ವರ್ಷದ ಮರಿ. ಈಗೀಗ ಕಣ್ಣ ಬಿಡಾಕತ್ತೈತಿ" ಎಂದು ಕೊಡ ಎತ್ತಿಕೊಂಡು ಬಂದಳು.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ, ಕೆಳಗೆ ರತ್ನಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಮೇಲೆ ಕಮಾನು ಎಂದಿನಂತೆ ನರಳುತ್ತಿತ್ತು. ನಡುವೆ ಎಲ್ಲೋ ಆ ನರಳಿಕೆ ಒಂದು ದಾರಿಗೆ ಬಂತು. ಅವಳ ಕೈ ರೊಟ್ಟಿಯ ಮೇಲೆ ಆ ಲಯಕ್ಕೇ ಬಡಿಯತೊಡಗಿದ್ದು ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಹತ್ತಿ ಬಂದಳು.

"ಇದು ಅಕ್ಕಾರ ಪದ ಅಲ್ರೀ? 'ಅಂಗಳ ಬಳದೇನೋ ಶಿವನೆ, ಬಾರೋ' ಅನ್ನೂದು?"

ಚನ್ನವೀರಪ್ಪನ ಕಣ್ಣು ತುಂಬಿದವು. ಐದು ತಿಂಗಳಲ್ಲಿ ಮೊದಲ ಸಲ ಇನ್ನೊಂದು ಜೀವಕ್ಕೆ ಅದು ಹಾಡೆಂದು ತಿಳಿದಿತ್ತು. "ಖರೇನ ಗೊತ್ತಾತೇನು?" ಎಂದು ಮೂರು ಸಲ ಕೇಳಿದ. ಅವಳು ಮೂರು ಸಲವೂ ಹೌದೆಂದಳು. ಅವತ್ತು ಕೆಳಗೆ ಹಂಚಿನ ಮೇಲೆ ಒಂದು ರೊಟ್ಟಿ ಕರಕಾಯಿತು. ಅದನ್ನು ಅವನೇ ಹಟಮಾಡಿ ತಿಂದ.

ಶ್ರಾವಣದ ಕಡೆಯ ಸೋಮವಾರ ಬಂದೇ ಬಂತು. ಗಂಡ ಹೆಂಡತಿ ಅಕ್ಕಲಕೋಟೆಗೆ ಹೋಗುವ ಬೆಳಗಿನ ಏಸ್ಟಿ ಬಸ್ಸು ಹಿಡಿದರು. ಪಿಟೀಲಿಗೆ ಅಂಗಡಿಯ ಒಳ್ಳೆ ಚಾದರವನ್ನೇ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಕಂಡಕ್ಟರ ಅದನ್ನು ಕೂಸೆಂದು ತಿಳಿದು, ಕಿಟಕಿಯ ಗಾಳಿ ಬಡಿಯುತ್ತದೆ, ಈ ಕಡೆ ಕೂಡ್ರಿ ಎಂದ. ಚನ್ನವೀರಪ್ಪ ಬೇಡವೆನ್ನದೆ ಎದ್ದು ಈ ಕಡೆ ಕೂತ.

ಇಳಿಹೊತ್ತಿಗೆ ಅಕ್ಕನ ಪಡಸಾಲೆ ತುಂಬಿತು. ಕಡೆಯ ಭಜನೆ ಎಂದು ಎಲ್ಲರಿಗೂ ಗೊತ್ತಿದ್ದರಿಂದ ಮಾತು ಕಡಿಮೆ. ಪೇಟಿಯ ಮುಂದೆ ಗಾಣದ ಧೂಳಪ್ಪ ಕೂತಿದ್ದ. ಅವನು ಕಲ್ಲಣ್ಣ ಮಾಸ್ತರನ ಶಿಷ್ಯ. ಗುರು ತೀರಿದ ಮೇಲೆ ಪೇಟಿ ಅವನ ಕೈಗೆ ಬಂದಿತ್ತು. ಗುರು ಹಿಡಿಯುತ್ತಿದ್ದುದು ಕರಿ ಐದು, ಅಂದರೆ ಪೇಟಿಯಲ್ಲಿ ಬೆರಳಿನಿಂದ ಒತ್ತುವ ಐದನೆಯ ಕಪ್ಪು ಮನೆ. ಅದು ಎತ್ತರದ ಸ್ವರ. ಧೂಳಪ್ಪನೂ ಗುರುವಿನ ಮಾತು ಮೀರದೆ ಎರಡು ವರ್ಷ ಅದನ್ನೇ ಹಿಡಿದಿದ್ದ.

ಚನ್ನವೀರಪ್ಪ ಚಾದರ ಬಿಚ್ಚಿದ. ಬಣ್ಣಬಣ್ಣದ ದಾರ ಕಟ್ಟಿದ ಪಿಟೀಲು ಕಂಡು ಜನ ಮುಂದಕ್ಕೆ ಸರಿದರು. ಹೊಸ್ತಿಲಲ್ಲಿ ಕೂತಿದ್ದ ಅಕ್ಕ, "ಚನ್ನಾ, ಇದೇನೋ ಇದು?" ಎಂದಳು.

"ಫಿಡಲ್ ಅಕ್ಕಾ. ನಿನ್ನ ಪದ ಒಂದು ಕಲತೀನಿ."

ಧೂಳಪ್ಪ ಗೌರವದಿಂದ ಕರಿ ಐದು ಒತ್ತಿದ. ಚನ್ನವೀರಪ್ಪ ತನ್ನ ಸಾ ಎಳೆದ. ಎರಡೂ ಒಂದನ್ನೊಂದು ಕಚ್ಚಿದವು. ತಾಳದವರು ಮುಖ ಕಿವುಚಿದರು. ಧೂಳಪ್ಪ ಕೈ ತೆಗೆದು, "ಮತ್ತೊಮ್ಮೆ ಎಳೀರಿ ಸಾವಕಾರ್ರ" ಎಂದು ಒಂದೊಂದೇ ಮನೆ ಕೆಳಗಿಳಿಯುತ್ತ ಹುಡುಕಿದ. ಬಿಳಿ ಆರು ಅಲ್ಲ, ಕರಿ ನಾಕು ಅಲ್ಲ, ಬಿಳಿ ಐದು ಅಲ್ಲ. ಕರಿ ಮೂರಕ್ಕೆ ಬಂದರೆ ಪಿಟೀಲು ತುಸು ಕೆಳಗೆ. ಬಿಳಿ ನಾಕಕ್ಕೆ ಇಳಿದರೆ ತುಸು ಮೇಲೆ.

"ಈ ಸಾ ಯಾರ ಕಡಿಂದ ತಂದೀರಿ?"

"ಗಿರಣಿ ಭೋಂಗಾಕ್ಕ ಹಿಡದೀನಿ."

ಧೂಳಪ್ಪ ಆ ಎರಡು ಮನೆಗಳ ನಡುವೆ ಬೆರಳು ಇಟ್ಟು ತೋರಿಸಿದ. "ನಿಮ್ಮ ಸಾ ಪೇಟಿಯೊಳಗ ಇಲ್ರಿ. ಎರಡು ಮನೀ ಸಂದಿನ್ಯಾಗ ಬಿದ್ದೈತಿ."

ಆಗ ಎದ್ದ ನಗೆ ಓಣಿಯ ಕೊನೆಗೂ ಕೇಳಿಸಿರಬೇಕು. ಚನ್ನವೀರಪ್ಪನೂ ನಕ್ಕ, ಆದರೆ ಕಿವಿ ಕೆಂಪಾದವು. ಏಳೆಂಟು ತಿಂಗಳು ಒಂದು ನಸುಕೂ ತಪ್ಪಿಸದೆ ಹಿಡಿದ ಸಾ ಅದು. ಕರಿ ಐದಕ್ಕೆ ಏರಿಸುತ್ತೇನೆಂದು ಬಿರಟೆ ತಿರುವಿದ. ಮೇಲಿನ ತಂತಿ ಟಪ್ಪೆಂದು ಹರಿದು ಮಣಿಕಟ್ಟಿಗೆ ಬಡಿಯಿತು. ಇನ್ನು ಮೂರೇ ಉಳಿದವು. ಅವನ್ನು ಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ. ಅಕ್ಕ ಎದ್ದು ಒಳಗೆ ಹೋಗಿಬಿಟ್ಟರೆ ಎಲ್ಲ ಮುಗಿಯಿತು ಎಂದು ಅವನಿಗೆ ಅಳುವೇ ಬಂತು.

ಧೂಳಪ್ಪ ಒಳ್ಳೆಯವನು. ಪೇಟಿಯ ತಿದಿ ಮುಚ್ಚಿ, "ನೀವ ಬಾರಸ್ರಿ. ನಾ ತಾಳ ಹಾಕ್ತೀನಿ" ಎಂದ.

ಚನ್ನವೀರಪ್ಪ ಕಣ್ಣು ಮುಚ್ಚಿ ಶುರುಮಾಡಿದ. ಅಂಗಳ ಬಳದೇನೋ ಶಿವನೆ, ಬಾರೋ. ಒಂದೆರಡು ಕಡೆ ಕೀರಲು ಬಂತು, ಆದರೆ ಪದ ಪದವಾಗಿಯೇ ನಡೆಯಿತು. ಎರಡನೆಯ ಸಾಲಿನ ತಿರುವಿಗೆ ಬಂದಾಗ ಬೆರಳು ಎಂದಿನಂತೆ ಹಸಿರು ದಾರ ದಾಟಿ ಮೇಲಿನ ತಂತಿಗೆ ಹೋಯಿತು. ತಂತಿ ಅಲ್ಲಿ ಇರಲಿಲ್ಲ. ಅವನು ನಿಂತ. ತಾಳವೂ ನಿಂತಿತು.

"ದೀಪಕ್ಕ ಎಣ್ಣಿ ಎರದೇನೋ, ಬಾರೋ."

ಹೊಸ್ತಿಲಿನಿಂದ ಬಂದ ದನಿ. ತಮ್ಮ ಮಾತು ಮರೆತಲ್ಲಿ ಮಾತು ಹಾಕಿಕೊಡುವುದು ಅಕ್ಕನಿಗೆ ನಾಲ್ಕು ದಶಕದ ರೂಢಿ. ಬಾಯಿ ತಾನಾಗಿ ತೆರೆದಿತ್ತು. ತೆರೆದ ಮೇಲೆ ಅವಳೇ ಬೆಚ್ಚಿದಳು. ಚನ್ನವೀರಪ್ಪ ಕಣ್ಣು ತೆರೆಯಲಿಲ್ಲ, ತೆರೆದರೆ ಅವಳು ನಿಲ್ಲಿಸುತ್ತಾಳೆಂಬ ಹೆದರಿಕೆ. ಷಡ್ಜದ ತಂತಿಯನ್ನು ಮಾತ್ರ ಉದ್ದಕ್ಕೆ ಎಳೆಯುತ್ತ ಹೋದ. ಅಕ್ಕ ಮೂರನೆಯ ಸಾಲು ಹಾಡಿದಳು, ನಾಲ್ಕನೆಯದು ಹಾಡಿದಳು. ಆ ಪದದಲ್ಲಿ ಒಂದು ಕಡೆ ದನಿ ಮೇಲೆ ಹೋಗಿ ನಿಲ್ಲಬೇಕು. ಅಲ್ಲಿಗೆ ಬಂದಾಗ ಅವಳು ಸೆರಗು ಬಿಗಿಹಿಡಿದದ್ದನ್ನು ರತ್ನಾಬಾಯಿ ನೋಡಿದಳು. ದನಿ ಮೇಲೆ ಹೋಯಿತು, ಒಡೆಯದೆ ನಿಂತಿತು, ಬೇಕಾದಷ್ಟು ಹೊತ್ತು ನಿಂತು ತಾನಾಗಿಯೇ ಇಳಿಯಿತು.

ಪದ ಮುಗಿದಾಗ ಅಕ್ಕನಾಗಮ್ಮ ತನ್ನ ಗಂಟಲು ಮುಟ್ಟಿ ನೋಡಿಕೊಂಡಳು. ಆಮೇಲೆ ಹೊಸ್ತಿಲು ಬಿಟ್ಟು ಬಂದು ಪಡಸಾಲೆಯ ನಡುವೆ ಕೂತು, ಎರಡು ವರ್ಷ ಯಾರಿಗೂ ಹೇಳದ ಮಾತು ಹೇಳಿದಳು.

"ಅವರು ಹ್ವಾದ ದುಃಖಕ್ಕ ಹಾಡು ಬಿಟ್ಟಾಳ ಅಂತ ಮಂದಿ ತಿಳದಾರ. ದುಃಖ ಖರೇ. ಆದ್ರ ನನ್ನ ದನಿ ಅವರಿದ್ದಾಗನ ಇಳಿದಿತ್ತು. ಕರಿ ಐದಕ್ಕ ಹ್ವಾದ್ರ ಒಡೀತಿತ್ತು. ಅವರು ಪೇಟೀ ಜೋರ ಮಾಡಿ ಮುಚ್ಚತಿದ್ರು. ಅವರು ಇಲ್ಲದಮ್ಯಾಲ ಮುಚ್ಚಾವರು ಯಾರು? ನಾಚಿಕಿ ಬಂತು."

ಧೂಳಪ್ಪನ ಮುಖ ಸಣ್ಣದಾಯಿತು. "ನನಗ ಒಂದ ಮಾತು ಹೇಳಬೇಕಿಲ್ರಿ ಅಕ್ಕಾರ? ಕೆಳಗ ಹಿಡೀತಿದ್ದೆ."

"ಮೂವತ್ತು ವರ್ಷ ಅವರು ಬೆರಳು ಇಟ್ಟ ಮನಿ ಅದು ಧೂಳಪ್ಪಾ. ಅವರ ಪೇಟೀ ಮ್ಯಾಲ ಇಳಸು ಅಂತ ಹೆಂಗ ಹೇಳ್ಲಿ? ಬಾಯಿ ಬರಲಿಲ್ಲ." ಅವಳು ತಮ್ಮನ ಕಡೆ ತಿರುಗಿದಳು. "ಇವನ ಸಾ ಪೇಟ್ಯಾಗ ಇಲ್ಲಂತ. ಇಲ್ಲದ್ದ ಛಲೋ ಆತು. ಅವರದ್ದೂ ಅಲ್ಲ, ಯಾರದ್ದೂ ಅಲ್ಲ. ನನಗ ಇಲ್ಲಿ ಆರಾಮ ಐತಿ."

ಚನ್ನವೀರಪ್ಪ ಅತ್ತ. ನಲವತ್ತನಾಲ್ಕು ವರ್ಷದ ವ್ಯಾಪಾರಿ, ಊರವರ ಎದುರು, ಕಮಾನು ಹಿಡಿದ ಕೈಯಲ್ಲೇ ಕಣ್ಣು ಒರೆಸಿಕೊಂಡು ಅತ್ತ. ಅಷ್ಟು ಸುಖ ಅವನಿಗೆ ಹಿಂದೆಂದೂ ಆಗಿರಲಿಲ್ಲ. ರಾಳದ ಪುಡಿ ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು. ರತ್ನಾಬಾಯಿ, "ಒಂದು ತಂತಿ ಹರಿದಿದ್ದಕ್ಕ ಇಷ್ಟು ಅಳತಾರೇನ್ರಿ?" ಎಂದು ಗದರಿಸುತ್ತ ತನ್ನ ಕಣ್ಣನ್ನೂ ಒರೆಸಿಕೊಂಡಳು.

ಮಠಕ್ಕೆ ಒಯ್ಯಲೆಂದು ಪೇಟಿಗೆ ಸುತ್ತುವ ಬಟ್ಟೆ ಗೋಡೆಯ ಹತ್ತಿರ ಮಡಚಿ ಇಟ್ಟಿತ್ತು. ಧೂಳಪ್ಪ ಅದನ್ನು ನೋಡಿ ಮೆಲ್ಲಗೆ ಕೇಳಿದ: "ಮಂಗಳ ಹಾಡೂಣೇನ್ರಿ ಅಕ್ಕಾರ?"

"ಯಾಕ ಅವಸರ? ಇನ್ನೊಂದು ಪದ ಹಾಡೂಣು. ಚನ್ನಾ, ಹಿಡಿ."

"ಅಕ್ಕಾ, ನನಗ ಇದೊಂದ ಬರ್ತೈತಿ."

ಈ ಸಲದ ನಗೆಗೆ ಅಕ್ಕನೂ ಸೇರಿದಳು. ನಕ್ಕು ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಮ್ಮನ ಎದುರು ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತಳು. "ಬರಲಿಲ್ಲಂದ್ರ ಏನಾತು? ನಾ ಒಂದು ಸಾಲು ಅಂತೀನಿ. ನನ್ನ ಹಿಂದ ಬಾ."

ಅವಳು ಹಾಡಿದಳು. ಅವನು ಮೂರು ತಂತಿಯ ಮೇಲೆ ಕೆಂಪು ದಾರಕ್ಕೂ ಹಸಿರು ದಾರಕ್ಕೂ ಓಡಾಡಿ ಹುಡುಕಿದ. "ಅಲ್ಲ, ಇನ್ನಷ್ಟು ಮ್ಯಾಲ" ಎಂದು ಅವಳು ಅವನ ಮೊಣಕಾಲಿಗೆ ಬಡಿದಳು. ಮತ್ತೆ ತಪ್ಪಿದ. ಊರವರು ತಾಳ ಕೆಳಗಿಟ್ಟು ಕಾದರು. ಸಂಜೆಯ ಏಸ್ಟಿಯ ನೆನಪು ಯಾರಿಗೂ ಬರಲಿಲ್ಲ. ನಾಲ್ಕನೆಯ ಸಲ ಬೆರಳು ಸರಿಯಾದ ಜಾಗಕ್ಕೆ ಬಿತ್ತು. ಅಕ್ಕ ಭಲೇ ಅನ್ನಲಿಲ್ಲ, ಎರಡನೆಯ ಸಾಲಿಗೆ ಹೋದಳು.